ಪಿತ್ತರಸಕ್ಕೆ ಸಿಕ್ಕ ಕೊಬ್ಬಿನ ಗುಳ್ಳೆ

ಮೊಟ್ಟೆಯ ಹಳದಿಯಿಂದ ತೆಗೆದ ಲೆಸಿಥಿನ್ ಅನ್ನು ದ್ರಾವಕದಲ್ಲಿ ಕರಗಿಸಿ, ದುಂಡು ಫ್ಲಾಸ್ಕಿನಲ್ಲಿ ತಿರುಗಿಸುತ್ತಾ ಆರಿಸಿದರೆ ಗಾಜಿನ ಒಳಗೋಡೆಗೆ ತೆಳ್ಳನೆಯ ಪೊರೆ ಹತ್ತುತ್ತದೆ. ಅದಕ್ಕೆ ನೀರು ಹೊಯ್ದು ಕುಲುಕಿದರೆ ಪೊರೆ ಉಬ್ಬಿ, ಪದರಪದರವಾಗಿ ಬಿಟ್ಟುಕೊಂಡು, ನೀರೆಲ್ಲ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಆ ಬಿಳುಪೇ ಲಿಪೊಸೋಮ್: ಜೋಡಿಪದರದ ಕೊಬ್ಬಿನ ಗೋಡೆ, ಒಳಗೆ ನೀರು. ನೀರಿನಲ್ಲಿ ಕರಗುವ ಔಷಧ ಒಳಗಿನ ನೀರಿನಲ್ಲಿ, ಎಣ್ಣೆಯಲ್ಲಿ ಕರಗುವಂಥದ್ದು ಗೋಡೆಯಲ್ಲೇ ಕೂರುತ್ತದೆ.

ಕೇಂಬ್ರಿಡ್ಜ್ ಹತ್ತಿರದ ಬಾಬ್ರಹಾಂನಲ್ಲಿ ಅಲೆಕ್ ಬ್ಯಾಂಗಮ್ ಮತ್ತು ಹಾರ್ನ್ ಇದರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು 1964ರಲ್ಲಿ ಪ್ರಕಟಿಸಿದರು. ಅವರ ಆಸಕ್ತಿ ಇದ್ದದ್ದು ಜೀವಕೋಶದ ಪೊರೆಯಲ್ಲಿ. ಔಷಧದ ವಾಹಕವಾಗಿ ಇದನ್ನು ಕಂಡವರು 1971ರಲ್ಲಿ ಲಂಡನ್ನಿನ ಗ್ರೆಗರಿ ಗ್ರೆಗೊರಿಯಾಡಿಸ್ ಮತ್ತು ಬ್ರೆಂಡಾ ರೈಮನ್. ಐದು ವರ್ಷ ಕಳೆಯುವುದರೊಳಗೆ, 1976ರಲ್ಲಿ, ಇಬ್ಬರೂ ಬೇರೆಬೇರೆಯಾಗಿ ಸಂಗಡಿಗರೊಡನೆ ಲಿಪೊಸೋಮ್‌ನಲ್ಲಿ ತುಂಬಿದ ಇನ್ಸುಲಿನ್ ಅನ್ನು ಇಲಿಗಳ ಹೊಟ್ಟೆಗೆ ಕೊಟ್ಟು, ರಕ್ತದ ಸಕ್ಕರೆ ಇಳಿದದ್ದನ್ನು ವರದಿ ಮಾಡಿದರು. ದಿನವೂ ಸೂಜಿ ಚುಚ್ಚಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಏನಿದ್ದೀತು?

ಆದರೆ ಆ ಫಲ ಒಂದು ಪ್ರಯೋಗದಲ್ಲಿ ಸಿಕ್ಕಷ್ಟು ಇನ್ನೊಂದರಲ್ಲಿ ಸಿಗಲಿಲ್ಲ. ಇನ್ಸುಲಿನ್‌ನಂಥ ಔಷಧದಲ್ಲಿ ಈ ಏರುಪೇರು ಜೀವಕ್ಕೇ ಅಪಾಯ. ಕಾರಣ ಕರುಳಿನಲ್ಲೇ ಇತ್ತು. ಜಠರದ ಆಮ್ಲ ದಾಟಿದರೂ ಮುಂದೆ ಪಿತ್ತರಸ ಕಾದಿರುತ್ತದೆ. ಊಟದ ಕೊಬ್ಬನ್ನು ಚೂರುಚೂರು ಮಾಡುವುದೇ ಅದರ ಕೆಲಸ. ಉಳಿದದ್ದನ್ನು ಮೇದೋಜೀರಕ ಗ್ರಂಥಿಯ ಕಿಣ್ವಗಳು ನೋಡಿಕೊಳ್ಳುತ್ತವೆ. ಕರುಳಿನ ಪಾಲಿಗೆ ಲಿಪೊಸೋಮ್ ಔಷಧದ ಪೆಟ್ಟಿಗೆಯಲ್ಲ, ಊಟ.

ಬಾಯಿಯ ದಾರಿ ಹೀಗೆ ಕಷ್ಟವಾದರೆ, ರಕ್ತನಾಳದ ದಾರಿ ಸಲೀಸಾಯಿತು. 1995ರಲ್ಲಿ ಅಮೆರಿಕ, ಲಿಪೊಸೋಮ್‌ನಲ್ಲಿಟ್ಟ ಕ್ಯಾನ್ಸರ್ ಔಷಧ ಡಾಕ್ಸಿಲ್‌ಗೆ ಒಪ್ಪಿಗೆ ಕೊಟ್ಟಿತು. ಲಿಪೊಸೋಮ್‌ನಲ್ಲಿಟ್ಟ ಶಿಲೀಂಧ್ರನಾಶಕ ಆಂಫೊಟೆರಿಸಿನ್ ಬಿಹಾರದ ಕಾಲಾ ಅಜಾರ್ ರೋಗಿಗಳಿಗೆ ಒಂದೇ ಡೋಸಿನ ಚಿಕಿತ್ಸೆಯಾಯಿತು. 2021ರ ಕಪ್ಪು ಶಿಲೀಂಧ್ರದ ದಿನಗಳಲ್ಲಿ ನಮ್ಮ ರಾಜ್ಯದ ಎಷ್ಟೋ ಮನೆಯವರು ಇದೇ ಇಂಜೆಕ್ಷನ್ನಿನ ವಯಲ್‌ಗಳಿಗಾಗಿ ಅಲೆದರು. ಆಂಫೊಟೆರಿಸಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆ. ನುಂಗುವ ರೂಪವಿಲ್ಲದ ಕಷ್ಟ ಅಂದು ಮನೆಬಾಗಿಲಿಗೇ ಬಂದಿತ್ತು.

ಬಾಯಿಯ ದಾರಿಯ ಸಂಶೋಧಕರು ಮೊದಲು ಹಿಡಿದದ್ದು ಕೋಟೆ ಬಲಪಡಿಸುವ ಹಾದಿ. ಗೋಡೆಗೆ ಕೊಲೆಸ್ಟರಾಲ್ ಸೇರಿಸಿದರು, ಸುಲಭಕ್ಕೆ ಕರಗದ ಕೊಬ್ಬನ್ನು ಆರಿಸಿದರು. ಜಪಾನಿನ ತಾಕೆಉಚಿ ತಂಡ, ಸಿಗಡಿ ಏಡಿಗಳ ಚಿಪ್ಪಿನಿಂದ ಸಿಗುವ ಕೈಟೊಸಾನ್ ಲೇಪಿಸಿ ಗುಳ್ಳೆ ಕರುಳಿನ ಲೋಳೆಗೆ ಅಂಟಿಕೊಳ್ಳುವಂತೆ ಮಾಡಿತು. ಲೋಳೆ ತಾನೇ ಹಳತಾಗಿ ಜಾರಿಹೋಗುತ್ತದೆ, ಅಂಟಿದ್ದೂ ಅದರ ಜೊತೆ ಹೋಗುತ್ತದೆ ಎಂಬುದು ಇದರ ತೊಡಕು. ಹಾಗಾಗಿ ಕೆಲವರು ಪಾಲಿಎಥಿಲಿನ್ ಗ್ಲೈಕಾಲ್ ಹೊದಿಸಿ, ಲೋಳೆಯ ನಡುವೆ ನುಸುಳಿ ಹೋಗುವ ಗುಳ್ಳೆ ಮಾಡಿದರು.

ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು 2001ರದ್ದು. ಕೊನಾಚರ್, ಅಲೆಕ್ಸಾಂಡರ್, ಬ್ರೂವರ್ ಎಂಬ ಸಂಶೋಧಕರು ಬಾಯಿಂದ ಕೊಡುವ ಲಸಿಕೆಗಾಗಿ, ಗುಳ್ಳೆಯ ಗೋಡೆಯಲ್ಲಿ ಪಿತ್ತರಸದಲ್ಲಿರುವ ಪಿತ್ತಲವಣವನ್ನೇ ಬೆರೆಸಿದರು. ಮೊದಲೇ ಪಿತ್ತಲವಣ ಉಂಡ ಗೋಡೆಯನ್ನು ಕರುಳಿನ ಪಿತ್ತರಸ ಅಷ್ಟು ಸುಲಭಕ್ಕೆ ಕದಡಲಾರದು. ಇವಕ್ಕೆ ಬೈಲೋಸೋಮ್ ಎಂದು ಹೆಸರು. ಕರುಳನ್ನು ಎದುರಿಸುವ ಬದಲು ಅದರ ಸರಕನ್ನೇ ಕಡ ತಂದದ್ದು ಎಷ್ಟು ಚೆಂದದ ಉಪಾಯ!

ಲಿಪೊಸೋಮ್‌ನ ದಾಯಾದಿ ಇನ್ನೊಂದಿದೆ, ಕಾಕ್ಲಿಯೇಟ್. ಕೆಲವು ಫಾಸ್ಫೊಲಿಪಿಡ್ ಪದರಗಳಿಗೆ ಕ್ಯಾಲ್ಸಿಯಂ ಸೇರಿಸಿದರೆ ಅವು ಚಾಪೆಯಂತೆ ಸುತ್ತಿಕೊಳ್ಳುತ್ತವೆ, ಒಳಗೆ ನೀರಿಗೆ ಜಾಗವೇ ಉಳಿಯದಷ್ಟು ಬಿಗಿಯಾಗಿ. 1975ರಲ್ಲೇ ಪಾಪಹಾಜೊಪೌಲಸ್ ತಂಡ ಇದನ್ನು ಕಂಡಿತ್ತು. ಈಚೆಗೆ ಉಗಾಂಡದಲ್ಲಿ, ಶಿಲೀಂಧ್ರದಿಂದ ಮಿದುಳುಪೊರೆ ಬಾತ ಎಚ್‌ಐವಿ ಸೋಂಕಿತರಿಗೆ, ಹೀಗೆ ಸುತ್ತಿಟ್ಟ ಆಂಫೊಟೆರಿಸಿನ್ ಅನ್ನು ಬಾಯಿಂದಲೇ ಕೊಟ್ಟು ಪರೀಕ್ಷಿಸಿದ್ದಾರೆ.