ಒಂದು ಕೊಲೆ, ಎರಡು ಧಾರಾವಾಹಿ

1982ರ ಅಕ್ಟೋಬರ್ 7, ಗುರುವಾರ ರಾತ್ರಿ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ‘ಮ್ಯಾಗ್ನಮ್ ಪಿ.ಐ.’ ಬರುತ್ತಿತ್ತು. ಹವಾಯಿಯ ಖಾಸಗಿ ಪತ್ತೇದಾರ ಥಾಮಸ್ ಮ್ಯಾಗ್ನಮ್‌ಗೆ ಆ ವಾರ ಸ್ಯಾನ್ ಡಿಯೆಗೊದಿಂದ ಬಂದ ಅಣ್ಣತಮ್ಮಂದಿರಿಬ್ಬರು ಎದುರಾದರು. ಅವರೂ ಪತ್ತೇದಾರರೇ. ಪುರಾತನ ಹವಾಯಿಯನ್ ವಿಗ್ರಹವೊಂದರ ಸುತ್ತ ಹೆಣೆದ ಕಥೆ ಗಂಟೆ ಮುಗಿದರೂ ಮುಗಿಯಲಿಲ್ಲ. ಉಳಿದ ಭಾಗ ನೋಡಬೇಕಾದವರು ಅದರ ಬೆನ್ನಿಗೇ ಬರುವ ‘ಸೈಮನ್ ಅಂಡ್ ಸೈಮನ್’ಗೆ ಕಾಯಬೇಕಿತ್ತು. ಕಾದರು ಕೂಡ. ಮೊದಲ ವರ್ಷ ಜನಪ್ರಿಯತೆಯ ಪಟ್ಟಿಯ ತಳದಲ್ಲಿ ಉಸಿರು ಹಿಡಿದುಕೊಂಡಿದ್ದ ಆ ಧಾರಾವಾಹಿ, ಆ ಸಾಲಿನ ಕೊನೆಗೆ ಮೊದಲ ಹತ್ತರೊಳಗೆ ಕಾಣಿಸಿಕೊಂಡಿತು.

ಕನ್ನಡದ ಸಂಜೆ ಧಾರಾವಾಹಿ ನೋಡುವವರಿಗೆ ಈ ತಂತ್ರ ಹೊಸದಲ್ಲ. ನಾವು ಅದನ್ನು ಮಹಾಸಂಗಮ ಎನ್ನುತ್ತೇವೆ. ‘ಭಾಗ್ಯಲಕ್ಷ್ಮೀ’ಯ ಅಕ್ಕ, ‘ಲಕ್ಷ್ಮೀ ಬಾರಮ್ಮ’ದ ತಂಗಿ ಒಂದೇ ಅಂಗಳದಲ್ಲಿ ಸೇರಿದಾಗ ಎರಡೂ ಮನೆಯವರ ಪ್ರೇಕ್ಷಕರು ಒಂದಾಗುತ್ತಿದ್ದರು. ಹಿಂದಿಯಲ್ಲಿ ಸೋನಿ ವಾಹಿನಿ 2012ರಲ್ಲಿ ತನ್ನದೇ ಎರಡು ಅಪರಾಧ ಧಾರಾವಾಹಿಗಳನ್ನು ಎದುರುಬದುರು ನಿಲ್ಲಿಸಿತು: ‘ಸಿಐಡಿ’ಯ ಎಸಿಪಿ ಪ್ರದ್ಯುಮನ್ ಒಂದು ಕಡೆ, ‘ಅದಾಲತ್’ನ ವಕೀಲ ಕೆ.ಡಿ. ಪಾಠಕ್ ಇನ್ನೊಂದು ಕಡೆ. ಉಡುಪಿ ಸೀಮೆಯ ದಯಾನಂದ ಶೆಟ್ಟಿ ಬಾಗಿಲು ಒಡೆಯುವ ಇನ್‌ಸ್ಪೆಕ್ಟರ್ ದಯಾ ಆಗಿ ಮನೆಮಾತಾದದ್ದು ಇದೇ ‘ಸಿಐಡಿ’ಯಲ್ಲಿ.

ಆದರೆ ಪತ್ತೇದಾರರ ಸಂಗಮಕ್ಕೆ ಸಂಸಾರದ ಸಂಗಮಕ್ಕಿಲ್ಲದ ಒಂದು ತೊಡಕಿದೆ. ಮದುವೆ ಮನೆಯಲ್ಲಿ ಎಷ್ಟು ನೆಂಟರು ಬಂದರೂ ಜಾಗವಿರುತ್ತದೆ. ಒಂದು ಕೊಲೆಯನ್ನು ಬಿಡಿಸುವವನು ಮಾತ್ರ ಒಬ್ಬನೇ. ಇಬ್ಬರು ಜಾಣರನ್ನು ಕರೆಸಿದರೆ ಯಾರನ್ನು ಗೆಲ್ಲಿಸಬೇಕು? ಫ್ರಾನ್ಸಿನ ಮೊರೀಸ್ ಲೆಬ್ಲಾಂಗೆ ಈ ಇಕ್ಕಟ್ಟು ಟಿವಿ ಹುಟ್ಟುವ ಮೊದಲೇ ಎದುರಾಗಿತ್ತು. ತನ್ನ ಕಳ್ಳನಾಯಕ ಆರ್ಸೆನ್ ಲುಪಿನ್‌ನ ಕಥೆಗೆ ಅವನು 1906ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಎಳೆದು ತಂದ. ಕಾನನ್ ಡಾಯ್ಲ್ ಕಡೆಯಿಂದ ಆಕ್ಷೇಪ ಬಂದ ಮೇಲೆ ಹೆಸರಿನ ಅಕ್ಷರಗಳು ಅದಲುಬದಲಾಗಿ ಹೋಮ್ಸ್ ಮಹಾಶಯ ‘ಹೆರ್ಲಾಕ್ ಶೋಲ್ಮ್ಸ್’ ಆದ. ಇಬ್ಬರು ನಾಯಕರಿಗೂ ಒಡೆಯ ಒಬ್ಬನೇ ಆಗಿದ್ದರೆ ಈ ಜಗಳವಿಲ್ಲ. ಟಿವಿ ಕಂಪನಿಗಳು ಬಹುಬೇಗ ಕಲಿತದ್ದು ಈ ಪಾಠವನ್ನೇ.

ವಾರ್ನರ್ ಬ್ರದರ್ಸ್ 1958ರಲ್ಲಿ ಎಬಿಸಿ ವಾಹಿನಿಗೆ ‘77 ಸನ್‌ಸೆಟ್ ಸ್ಟ್ರಿಪ್’ ಮಾಡಿಕೊಟ್ಟಿತು. ಲಾಸ್ ಏಂಜಲೀಸ್‌ನ ಪತ್ತೇದಾರರ ಆ ಕಥೆ ಗೆದ್ದದ್ದೇ ತಡ, ಅದೇ ಅಚ್ಚಿನಲ್ಲಿ ಇನ್ನೂ ಮೂರು ಬಂದವು: ಹೊನೊಲುಲುವಿನ ‘ಹವಾಯಿಯನ್ ಐ’, ನ್ಯೂ ಆರ್ಲಿಯನ್ಸ್‌ನ ‘ಬರ್ಬನ್ ಸ್ಟ್ರೀಟ್ ಬೀಟ್’, ಮಯಾಮಿಯ ‘ಸರ್ಫ್‌ಸೈಡ್ 6’. ಊರು ನಾಲ್ಕಾದರೂ ಚಿತ್ರೀಕರಣದ ಬಹುಪಾಲು ಬರ್ಬ್ಯಾಂಕ್‌ನ ಒಂದೇ ಸ್ಟುಡಿಯೊದಲ್ಲಿ. ಹಾಗಾಗಿ ಒಂದರ ನಾಯಕ ಇನ್ನೊಂದರಲ್ಲಿ ಇಣುಕುವುದಕ್ಕೆ ವಿಮಾನದ ಟಿಕೆಟ್ ಬೇಕಿರಲಿಲ್ಲ, ಪಕ್ಕದ ಸೆಟ್‌ಗೆ ನಡೆದು ಹೋದರೆ ಸಾಕಿತ್ತು. 1960ರಲ್ಲಿ ನ್ಯೂ ಆರ್ಲಿಯನ್ಸ್ ಕಥೆ ಒಂದೇ ವರ್ಷಕ್ಕೆ ನಿಂತಾಗ ಕಂಪನಿ ತನ್ನ ಪಾತ್ರಗಳನ್ನು ಮನೆಗೆ ಕಳಿಸಲಿಲ್ಲ. ನಷ್ಟದ ಶಾಖೆ ಮುಚ್ಚಿದ ಬ್ಯಾಂಕು ಗುಮಾಸ್ತರನ್ನು ವರ್ಗ ಮಾಡಿದ ಹಾಗೆ, ರೆಕ್ಸ್ ರಾಂಡಾಲ್ಫ್ ಲಾಸ್ ಏಂಜಲೀಸ್‌ಗೆ, ಕೆನ್ನಿ ಮ್ಯಾಡಿಸನ್ ಮಯಾಮಿಗೆ ಹೋದರು. ಮುಂದೆ 1975ರಲ್ಲಿ ನಿರ್ಮಾಪಕ ಕ್ವಿನ್ ಮಾರ್ಟಿನ್ ಒಂದೇ ಪ್ರಕರಣದ ಅರ್ಧವನ್ನು ‘ಕ್ಯಾನನ್’ನಲ್ಲೂ ಇನ್ನರ್ಧವನ್ನು ‘ಬಾರ್ನಬಿ ಜೋನ್ಸ್’ನಲ್ಲೂ ಹಂಚಿದ. ಎರಡೂ ಅವನ ಕಂಪನಿಯವೇ.

ಎರಡು ವಾಹನಗಳಲ್ಲಿ ಸಾಗುವ ಕಥೆಗೆ ಮರುಪ್ರಸಾರ ಶತ್ರು. ಮ್ಯಾಗ್ನಮ್ 1986ರ ನವೆಂಬರಿನಲ್ಲಿ ಮತ್ತೆ ಸಂಗಮಕ್ಕೆ ಇಳಿದ, ಈ ಸಲ ‘ಮರ್ಡರ್, ಶಿ ರೋಟ್’ನ ಜೆಸಿಕಾ ಫ್ಲೆಚರ್ ಜೊತೆ. ಅವನ ಮೇಲೆ ಕೊಲೆಯ ಆರೋಪ ಬಿದ್ದದ್ದು ಬುಧವಾರ, ಆಕೆ ಅವನನ್ನು ಬಿಡಿಸಿದ್ದು ಭಾನುವಾರ. ಆ ವಾರಕ್ಕೇನೋ ಸರಿಹೋಯಿತು. ವರ್ಷಗಳ ನಂತರ ಬೇರೆ ಬೇರೆ ಸ್ಥಳೀಯ ಕೇಂದ್ರಗಳು ಎರಡು ಧಾರಾವಾಹಿಗಳನ್ನು ಬಿಡಿಬಿಡಿಯಾಗಿ ಕೊಂಡಾಗ? ಮ್ಯಾಗ್ನಮ್ ಜೈಲಿನಲ್ಲೇ ಕೊಳೆಯಬೇಕಾಗುತ್ತದಲ್ಲ! ಅದಕ್ಕೆಂದೇ ಅವನ ಸಂಚಿಕೆಗೆ ಬೇರೆ ಮುಕ್ತಾಯವೊಂದನ್ನು ಇಟ್ಟುಕೊಂಡಿದ್ದರು. ಮರುಪ್ರಸಾರದಲ್ಲಿ ಅಲ್ಲಿಂದಲ್ಲಿಗೇ ಬಿಡುಗಡೆ.

ಇಷ್ಟೆಲ್ಲ ಲೆಕ್ಕದ ಪುಸ್ತಕದ ಮಾತು. ಆ ಪುಸ್ತಕಕ್ಕೆ ಸಿಗದ ಒಂದು ಸಂಗಮ ಜರ್ಮನಿಯಲ್ಲಿ ನಡೆಯಿತು.

ಪಶ್ಚಿಮ ಜರ್ಮನಿಯ ‘ಟಾಟ್‌ಓರ್ಟ್’ ಶುರುವಾದದ್ದು 1970ರ ನವೆಂಬರ್ 29ರಂದು. ಅಲ್ಲಿನ ಎಆರ್‌ಡಿ ವಾಹಿನಿ ಪ್ರಾದೇಶಿಕ ಕೇಂದ್ರಗಳ ಒಕ್ಕೂಟ. ಒಂದೊಂದು ಕೇಂದ್ರವೂ ತನ್ನೂರಿನ ಪೊಲೀಸ್ ಅಧಿಕಾರಿಯ ಕಥೆ ಮಾಡುತ್ತದೆ, ಭಾನುವಾರ ರಾತ್ರಿ ಸರದಿಯಂತೆ ತೋರಿಸುತ್ತದೆ. ಮೊದಮೊದಲು ಒಬ್ಬರ ಕಥೆಯಲ್ಲಿ ಇನ್ನೊಂದು ಊರಿನ ಅಧಿಕಾರಿ ಬಂದು ಒಂದೆರಡು ಮಾತಾಡಿ ಹೋಗುವ ಪದ್ಧತಿಯೇ ಇತ್ತು. ಮೊಟ್ಟಮೊದಲ ಕಥೆಯ ಹೆಸರು ‘ಲೈಪ್‌ಜಿಗ್‌ಗೆ ಟ್ಯಾಕ್ಸಿ’. ಹ್ಯಾಂಬರ್ಗ್‌ನ ಅಧಿಕಾರಿ ಟ್ರಿಮೆಲ್, ಪರದೇಶವೇ ಆಗಿದ್ದ ಪೂರ್ವ ಜರ್ಮನಿಗೆ ಪ್ರಕರಣವೊಂದರ ಬೆನ್ನುಹತ್ತಿ ಹೋಗುತ್ತಾನೆ.

ಗಡಿಯಾಚೆಯ ಮನೆಗಳಲ್ಲೂ ಪಶ್ಚಿಮದ ಟಿವಿ ಕಾಣುತ್ತಿತ್ತು. ಡ್ರೆಸ್‌ಡೆನ್ ಕಡೆಯಂಥ ಕೆಲವು ಭಾಗಗಳಿಗಷ್ಟೇ ಅದರ ತರಂಗ ಮುಟ್ಟುತ್ತಿರಲಿಲ್ಲ. ಸುಮ್ಮನಿದ್ದರೆ ಜನ ಕೈತಪ್ಪುತ್ತಾರೆಂದು ಪೂರ್ವದವರು 1971ರ ಜೂನ್‌ನಲ್ಲಿ ‘ಪೊಲಿಟ್ಸೈರೂಫ್ 110’ ಎಂಬ ತಮ್ಮದೇ ಸರಣಿ ತಂದರು. ಗೃಹ ಸಚಿವಾಲಯದ ಕಣ್ಣು ತಪ್ಪಿಸಿ ಅದರ ಚಿತ್ರಕಥೆ ಮುಂದಕ್ಕೆ ಹೋಗುವಂತಿರಲಿಲ್ಲ. ಸಮಾಜವಾದಿ ನಾಡಿನಲ್ಲಿ ವಾರಕ್ಕೊಂದು ಕೊಲೆ ತೋರಿಸುವುದು ಶೋಭೆಯಲ್ಲವಾದ್ದರಿಂದ ಕಳ್ಳತನ, ವಂಚನೆ, ಕುಡಿತದ ಕಥೆಗಳಿಗೆ ಹೆಚ್ಚು ಜಾಗ. ಹಾಗೆ ಹತ್ತೊಂಬತ್ತು ವರ್ಷ ಎರಡು ಪೊಲೀಸ್ ಪಡೆಗಳು ಒಂದೇ ಭಾಷೆ ಮಾತಾಡುತ್ತ, ಪರಸ್ಪರ ಮುಖ ನೋಡದೆ ಕೆಲಸ ಮಾಡಿದವು.

1989ರಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಅಕ್ಟೋಬರ್ 3ರಂದು ಎರಡು ದೇಶಗಳು ಒಂದಾದವು. ಇಪ್ಪತ್ತೈದು ದಿನ ಕಳೆದು ಅಕ್ಟೋಬರ್ 28ರ ಭಾನುವಾರ ‘ಸೋದರರ ನಡುವೆ’ ಎಂಬ ಚಿತ್ರ ತೆರೆಗೆ ಬಂತು. ಡ್ಯೂಸ್‌ಬರ್ಗ್‌ನ ‘ಟಾಟ್‌ಓರ್ಟ್’ ಅಧಿಕಾರಿ, ಮಾಸಿದ ಜಾಕೆಟ್ಟಿನ, ಬೈಗುಳವೇ ಬಾಯಿಮಾತಾದ ಶಿಮಾನ್ಸ್‌ಕಿ ತನ್ನ ಜೊತೆಗಾರ ಟಾನರ್ ಜೊತೆ ಪೂರ್ವ ಬರ್ಲಿನ್‌ಗೆ ಬರುತ್ತಾನೆ. ಎದುರಿಗೆ ‘ಪೊಲಿಟ್ಸೈರೂಫ್’ನ ಫುಕ್ಸ್ ಮತ್ತು ಗ್ರಾವೆ. ಪ್ರಕರಣ ಕಲಾಕೃತಿಗಳ ಕಳ್ಳಸಾಗಣೆಯದು, ಅದರ ಹಿಂದೆ ಸ್ಟಾಸಿ ಗುಪ್ತಚರರ ನೆರಳು. ಕಥೆಯ ಒಗಟು ಅಂಥ ಗಟ್ಟಿಯದೇನಲ್ಲ. ಆದರೆ ಗೋಡೆಯ ಎರಡು ಬದಿಯಲ್ಲಿ ಬೆಳೆದ ನಾಲ್ವರು ಒಬ್ಬರನ್ನೊಬ್ಬರು ಅಳೆಯುತ್ತ ನಿಂತದ್ದನ್ನು ಇಡೀ ದೇಶ ಒಟ್ಟಿಗೆ ಕೂತು ನೋಡಿತು. ಆ ವಾರ ಮನೆಮನೆಯಲ್ಲೂ ಅದೇ ಅಳತೆ ನಡೆದಿತ್ತು. ಪೂರ್ವದ ಟಿವಿ ಸಂಸ್ಥೆ 1991ರ ಕೊನೆಗೆ ಕಣ್ಣು ಮುಚ್ಚಿತು. ಅದರ ಪೊಲೀಸರು ಉಳಿದುಕೊಂಡರು: ‘ಪೊಲಿಟ್ಸೈರೂಫ್’ ಈಗಲೂ ‘ಟಾಟ್‌ಓರ್ಟ್’ ಜೊತೆ ಭಾನುವಾರದ ಸರದಿ ಹಂಚಿಕೊಂಡಿದೆ.

ಅಮೆರಿಕದಲ್ಲಿ ಇದಕ್ಕೆ ಹತ್ತಿರ ಬಂದದ್ದು ಎನ್‌ಬಿಸಿ ವಾಹಿನಿಯ ‘ಲಾ ಅಂಡ್ ಆರ್ಡರ್’ ಮತ್ತು ‘ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ಗಳ ಕೂಟ. ಡಿಕ್ ವುಲ್ಫ್ ಕಟ್ಟಿದ ಮೊದಲನೆಯದು ನ್ಯೂಯಾರ್ಕಿನದು. ಅರ್ಧ ಗಂಟೆ ಪೊಲೀಸರು, ಅರ್ಧ ಗಂಟೆ ವಕೀಲರು, ಎಲ್ಲ ಗಡಿಯಾರದ ಮುಳ್ಳಿನಂತೆ ಕರಾರುವಾಕ್ಕು. ಎರಡನೆಯದು ಬಾಲ್ಟಿಮೋರ್‌ನದು, ಪತ್ರಕರ್ತ ಡೇವಿಡ್ ಸೈಮನ್ ಅಲ್ಲಿನ ಕೊಲೆ ತನಿಖಾ ವಿಭಾಗದ ಬಗ್ಗೆ ಬರೆದ ಪುಸ್ತಕದಿಂದ ಹುಟ್ಟಿದ್ದು. ಕ್ಯಾಮೆರಾ ಕೈಯಲ್ಲೇ ನಡುಗುತ್ತಿರುತ್ತದೆ, ಗೋಡೆಯ ಹಲಗೆಯ ಮೇಲೆ ಬಗೆಹರಿದ ಕೊಲೆ ಕಪ್ಪಕ್ಷರದಲ್ಲಿ, ಬಗೆಹರಿಯದ್ದು ಕೆಂಪಕ್ಷರದಲ್ಲಿ. ಕೆಂಪು ಎಷ್ಟೋ ಸಲ ಕೆಂಪಾಗಿಯೇ ಉಳಿಯುತ್ತದೆ. 1995ರಲ್ಲಿ ನ್ಯೂಯಾರ್ಕಿನ ಮೈಕ್ ಲೋಗನ್ ಒಬ್ಬ ಕೈದಿಯನ್ನು ತಂದು ಬಾಲ್ಟಿಮೋರ್‌ನ ಫ್ರಾಂಕ್ ಪೆಂಬಲ್ಟನ್‌ಗೆ ಒಪ್ಪಿಸಿ ಹೋದ. ಕೆಲವೇ ನಿಮಿಷದ ತಮಾಷೆ ಅದು.

ನಿಜವಾದ ಕೂಡುಕಥೆ 1996ರ ಫೆಬ್ರವರಿಯದು. ಟೋಕಿಯೊದ ಸುರಂಗ ರೈಲಿನಲ್ಲಿ ವಿಷಾನಿಲ ಹರಿಸಿದ ಘಟನೆಗೆ ಇನ್ನೂ ವರ್ಷ ತುಂಬಿರಲಿಲ್ಲ. ಬುಧವಾರದ ‘ಲಾ ಅಂಡ್ ಆರ್ಡರ್’ನಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಅಂಥದ್ದೇ ದಾಳಿ. ಹಿಂದೆ ತಮ್ಮೂರಿನ ಚರ್ಚಿನಲ್ಲೂ ಹೀಗೇ ಆಗಿತ್ತೆಂದು ಪೆಂಬಲ್ಟನ್ ಮತ್ತು ಅವನ ಜೊತೆಗಾರ ಬೇಲಿಸ್ ಅಲ್ಲಿಗೆ ಬರುತ್ತಾರೆ. ಇಲ್ಲಿಂದ ಮಜಾ ಶುರು. ಬಾಯಿ ಬಿಡಿಸುವುದರಲ್ಲಿ ಪೆಂಬಲ್ಟನ್‌ನನ್ನು ಮೀರಿಸುವವರಿಲ್ಲ. ಆದರೆ ವಾರವಾರವೂ ಕೋರ್ಟಿನಲ್ಲಿ ನಿಲ್ಲಬೇಕಾದ ಧಾರಾವಾಹಿಯೊಳಗೆ ಅವನ ವರಸೆಗೆ ಕಾನೂನಿನ ಲೆಕ್ಕ ಕೇಳುವವರಿದ್ದಾರೆ. ಪೆಂಬಲ್ಟನ್ ಪಾತ್ರದ ಆಂಡ್ರೆ ಬ್ರಾವರ್ ಮತ್ತು ನ್ಯೂಯಾರ್ಕಿನ ಪತ್ತೇದಾರನ ಪಾತ್ರದ ಜೆರ್ರಿ ಆರ್ಬಾಕ್ ಒಂದೇ ಚೌಕಟ್ಟಿನಲ್ಲಿ ನಿಂತಾಗ ಇಬ್ಬರ ನಟನೆಯ ವೇಗವೇ ಬೇರೆ, ಎರಡು ಊರುಗಳ ಗತ್ತೇ ಬೇರೆ. ಶುಕ್ರವಾರ ಕಥೆ ಬಾಲ್ಟಿಮೋರ್‌ಗೆ ದಾಟಿದಾಗ ಕ್ಯಾಮೆರಾ ಮತ್ತೆ ನಡುಗತೊಡಗುತ್ತದೆ. ಆ ಶುಕ್ರವಾರದ ಕಂತಿನಲ್ಲಿ ದ್ವೇಷ ಕಾರುವ ಕರ್ನಲ್ ಆಗಿದ್ದ ಜೆ.ಕೆ. ಸಿಮನ್ಸ್ ಮರುವರ್ಷದಿಂದ ‘ಲಾ ಅಂಡ್ ಆರ್ಡರ್’ನಲ್ಲಿ ಮನೋವೈದ್ಯನಾಗಿ ಕಾಣಿಸಿಕೊಂಡ. ಯಾರೂ ಗುರುತಿಸದವರಂತೆ ಸುಮ್ಮನಿದ್ದರು! 1997 ಮತ್ತು 1999ರಲ್ಲಿ ಇನ್ನೆರಡು ಕೂಟಗಳಾದವು. ಮೊದಲನೆಯದರ ಬಿಗಿ ಅವಕ್ಕಿಲ್ಲ.

1999ರಲ್ಲಿ ‘ಹೋಮಿಸೈಡ್’ ನಿಂತಿತು, ಅದರ ಜಾನ್ ಮಂಚ್ ನಿಲ್ಲಲಿಲ್ಲ. ರಿಚರ್ಡ್ ಬೆಲ್ಜರ್ ನಟಿಸಿದ ಈ ಗೊಣಗು ಸ್ವಭಾವದ, ಎಲ್ಲದರಲ್ಲೂ ಸಂಚು ಕಾಣುವ ಪತ್ತೇದಾರ ಅದೇ ವರ್ಷ ನ್ಯೂಯಾರ್ಕಿಗೆ ಬಂದು ‘ಲಾ ಅಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ ಸೇರಿದ. ಅದಕ್ಕೂ ಮೊದಲೇ ‘ದ ಎಕ್ಸ್-ಫೈಲ್ಸ್’ನಲ್ಲಿ ಕಾಣಿಸಿಕೊಂಡಿದ್ದ. ಆಮೇಲೆ ‘ಅರೆಸ್ಟೆಡ್ ಡೆವಲಪ್‌ಮೆಂಟ್’ ಎಂಬ ಹಾಸ್ಯ ಸರಣಿಗೂ ಹೋಗಿ ಬಂದ. ಮಂಚ್‌ಗೆ ಮಾದರಿಯಾದವರು ಸೈಮನ್ ಪುಸ್ತಕದ ನಿಜವಾದ ಪೊಲೀಸ್ ಅಧಿಕಾರಿ ಜೇ ಲ್ಯಾಂಡ್ಸ್‌ಮನ್. ಸೈಮನ್ ಮುಂದೆ ಮಾಡಿದ ‘ದ ವೈರ್’ನಲ್ಲಿ ಲ್ಯಾಂಡ್ಸ್‌ಮನ್ ಹೆಸರಿನ ಪಾತ್ರವನ್ನು ಬೇರೊಬ್ಬ ನಟ ಮಾಡಿದರೆ, ನಿಜವಾದ ಲ್ಯಾಂಡ್ಸ್‌ಮನ್ ಇನ್ನೊಂದು ಹೆಸರಿನ ಅಧಿಕಾರಿಯಾಗಿ ನಟಿಸಿದರು. ಸಾಲದ್ದಕ್ಕೆ 2008ರಲ್ಲಿ ಮಂಚ್ ಕೂಡ ಅಲ್ಲಿನ ಬಾರೊಂದರಲ್ಲಿ ಬಂದು ಕೂತ. ಒಬ್ಬ ಮನುಷ್ಯನ ಮೂರು ಅವತಾರಗಳು ಒಂದೇ ಸರಣಿಯಲ್ಲಿ. ಬೆಲ್ಜರ್ 2023ರ ಫೆಬ್ರವರಿಯಲ್ಲಿ ತೀರಿಕೊಂಡರು.

ಅಲ್ಲಿಂದೀಚೆಗೆ ಸಂಗಮಗಳು ಹೆಚ್ಚಿವೆ, ಗಾತ್ರವೂ ದೊಡ್ಡದಾಗಿದೆ. 2009ರ ನವೆಂಬರಿನಲ್ಲಿ ಮೂರು ‘ಸಿಎಸ್‌ಐ’ಗಳು ಒಂದೇ ಪ್ರಕರಣವನ್ನು ಮೂರು ರಾತ್ರಿ ಎಳೆದವು. 2022ರ ಸೆಪ್ಟೆಂಬರ್ 22ರಂದು ಮೂರು ‘ಲಾ ಅಂಡ್ ಆರ್ಡರ್’ಗಳು ಬೆನ್ನುಬೆನ್ನಿಗೆ ಮೂರು ಗಂಟೆ ನಡೆದವು. ಎಲ್ಲೂ ಒಂದು ಊರಿನ ಕ್ಯಾಮೆರಾ ಇನ್ನೊಂದು ಊರಿಗೆ ಬಂದು ತಬ್ಬಿಬ್ಬಾಗುವುದಿಲ್ಲ. ಒಂದೇ ಅಚ್ಚಿನ ಮೂರು ಇಟ್ಟಿಗೆಗಳನ್ನು ಜೋಡಿಸಿದರೆ ಗೋಡೆ ಉದ್ದವಾದೀತು, ಭೇಟಿ ಆಗುವುದಿಲ್ಲ.

‘ಹೋಮಿಸೈಡ್’ 2024ರ ಆಗಸ್ಟ್‌ನಲ್ಲಿ ಅಮೆರಿಕದ ಪೀಕಾಕ್ ವೇದಿಕೆಗೆ ಬಂದಿದೆ. 1996ರ ಆ ಕೂಡುಕಥೆ ಎಲ್ಲಾದರೂ ಸಿಕ್ಕರೆ ಮೊದಲು ‘ಲಾ ಅಂಡ್ ಆರ್ಡರ್’ನ ‘ಚಾರ್ಮ್ ಸಿಟಿ’ ಸಂಚಿಕೆ ನೋಡಿ, ಆಮೇಲೆ ‘ಹೋಮಿಸೈಡ್’ನ ‘ಫಾರ್ ಗಾಡ್ ಅಂಡ್ ಕಂಟ್ರಿ’. ತಿರುಗುಮುರುಗಾಗಿ ನೋಡಿದರೆ ಅಪರಾಧಿ ಯಾರೆಂಬುದು ಅಪರಾಧಕ್ಕಿಂತ ಮೊದಲೇ ಗೊತ್ತಾಗಿಬಿಡುತ್ತದೆ.