ಸ್ಕೆಚ್ ಪೆನ್ನಿಗೊಂದು ಸರ್ಟಿಫಿಕೇಟು

ಹಸಿವು ಅಥವಾ ಭಯ ಇಲ್ಲದೆ ಪ್ರಾಣಿ ಯಾವ ಕೆಲಸಕ್ಕೂ ಕೈ ಹಾಕದು ಎಂದು ಮನೋವಿಜ್ಞಾನಿಗಳು ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಗೆ ಪೆಟ್ಟು ಕೊಟ್ಟವು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೋತಿಗಳು. ಮನೋವಿಜ್ಞಾನಿ ಹ್ಯಾರಿ ಹಾರ್ಲೊ ಅವುಗಳ ಮುಂದೆ ಚಿಲಕ, ಕೊಂಡಿಗಳ ಒಗಟೊಂದನ್ನು ಇಟ್ಟರು. ತಿನ್ನಲು ಏನೂ ಸಿಗದಿದ್ದರೂ ಕೋತಿಗಳು ಅದನ್ನು ಬಿಚ್ಚುವುದನ್ನು ಕಲಿತವು, ಮತ್ತೆ ಮತ್ತೆ ಬಿಚ್ಚಿದವು. ಒಗಟಿನೊಳಗೆ ಒಣದ್ರಾಕ್ಷಿ ಇಟ್ಟಾಗ ತಪ್ಪುಗಳು ಹೆಚ್ಚಿದವು! 1950ರಲ್ಲಿ ಇದನ್ನು ಪ್ರಕಟಿಸಿದ ಹಾರ್ಲೊ ಮುಂದೆ ತಾಯಿ–ಮರಿ ಪ್ರೀತಿಯ ಅಧ್ಯಯನದಲ್ಲಿ ಹೆಸರಾದರು. ಒಗಟಿನ ಈ ಎಳೆ ಅವರ ಕೈಯಲ್ಲಿ ಅಲ್ಲೇ ಉಳಿಯಿತು. ಆದರೂ 1959ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ರಾಬರ್ಟ್ ವೈಟ್, ಸುತ್ತಲಿನ ಜಗತ್ತಿನ ಮೇಲೆ ಹಿಡಿತ ಸಾಧಿಸುವ ಹಂಬಲವೇ ಒಂದು ಪ್ರೇರಣೆ ಎಂದು ವಾದಿಸಿದರು.

ಒಗಟಿನ ಎಳೆಯನ್ನು ಮತ್ತೆ ಕೈಗೆತ್ತಿಕೊಂಡವರು ಮನೋವಿಜ್ಞಾನಿ ಎಡ್ವರ್ಡ್ ಡೆಸಿ. ತುಂಡುಗಳನ್ನು ಜೋಡಿಸುವ ‘ಸೋಮಾ’ ಒಗಟನ್ನು ಅವರು ವಿದ್ಯಾರ್ಥಿಗಳಿಗೆ ಕೊಟ್ಟರು. ಒಂದು ಗುಂಪಿಗೆ ಎರಡನೇ ದಿನ ಮಾತ್ರ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್. ನಡುವೆ ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ‘ಟೈಮ್’, ‘ನ್ಯೂಯಾರ್ಕರ್’, ‘ಪ್ಲೇಬಾಯ್’ ಪತ್ರಿಕೆಗಳು. ಅಸಲಿ ಪರೀಕ್ಷೆ ಆ ಎಂಟು ನಿಮಿಷದ್ದು. ಮೂರನೇ ದಿನ ಹಣ ನಿಂತಾಗ, ಹಿಂದಿನ ದಿನ ಹಣ ಪಡೆದವರು ಬಿಡುವಿನಲ್ಲಿ ಒಗಟಿನ ಕಡೆ ಕೈ ಹಾಕಿದ್ದು ಕಡಿಮೆಯಾಗಿತ್ತು. 1971ರ ಆ ಪ್ರಯೋಗದಲ್ಲಿ ಇದ್ದವರು 24 ಮಂದಿ ಮಾತ್ರ. ಅಷ್ಟು ಸಣ್ಣ ಲೆಕ್ಕದ ಮೇಲೆ ಇಡೀ ಸಿದ್ಧಾಂತ ನಿಲ್ಲಿಸಲಾಗದು.

ಹಾಗಾಗಿ ನನಗೆ 1973ರ ಸ್ಟ್ಯಾನ್‌ಫರ್ಡ್ ಪ್ರಯೋಗ ಹೆಚ್ಚು ಮುಖ್ಯ. ಮಾರ್ಕ್ ಲೆಪರ್ ಮತ್ತು ಸಂಗಡಿಗರು ಆರಿಸಿಕೊಂಡದ್ದು ಸ್ಕೆಚ್ ಪೆನ್ ಕಂಡರೆ ತಾವಾಗಿಯೇ ಚಿತ್ರ ಬರೆಯಲು ಕೂರುವ ಶಿಶುವಿಹಾರದ ಮಕ್ಕಳನ್ನು. ಕೆಲವರಿಗೆ, ಬರೆದರೆ ಬಂಗಾರದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟು ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರದ ನಂತರ ನೋಡಿದರೆ, ಆಸೆ ತೋರಿಸಿ ಬರೆಸಿದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಅಚಾನಕ್ಕಾಗಿ ಸರ್ಟಿಫಿಕೇಟು ಪಡೆದವರ ಉತ್ಸಾಹಕ್ಕೆ ಕುಂದಿರಲಿಲ್ಲ. ತಪ್ಪು ಬಹುಮಾನದ್ದಲ್ಲ, ಅದರ ಹಿಂದಿನ ಷರತ್ತಿನದು.

ಡೆಸಿ ಮತ್ತು ರಿಚರ್ಡ್ ರಯಾನ್ ಇದನ್ನೇ ಬೆಳೆಸಿ ‘ಸ್ವನಿರ್ಣಯ ಸಿದ್ಧಾಂತ’ ಕಟ್ಟಿದರು. ಮನುಷ್ಯನಿಗೆ ತನ್ನ ಇಷ್ಟದಂತೆ ನಡೆಯುವ ಅವಕಾಶ, ಕೈಲಾಗುತ್ತದೆಂಬ ಭರವಸೆ, ನಮ್ಮವರೆನ್ನುವ ನಂಟು ಬೇಕು. ಬಹುಮಾನವನ್ನು ಲಗಾಮಾಗಿ ಬಳಸಿದರೆ ಉತ್ಸಾಹ ಕುಗ್ಗುತ್ತದೆ, ‘ಚೆನ್ನಾಗಿ ಮಾಡಿದೆ’ ಎಂಬ ಸುದ್ದಿಯಾಗಿ ತಲುಪಿದರೆ ಹಿಗ್ಗುತ್ತದೆ. ಬಹುಮಾನ, ಶಿಕ್ಷೆಗಳೇ ನಡವಳಿಕೆಯನ್ನು ರೂಪಿಸುತ್ತವೆ ಎನ್ನುವ ವರ್ತನಾವಾದಿಗಳು ಸುಮ್ಮನಿರಲಿಲ್ಲ. ಈ ಹಾನಿಯನ್ನು ಉತ್ಪ್ರೇಕ್ಷಿಸಲಾಗಿದೆ ಎಂದು 1994ರಲ್ಲಿ ಕ್ಯಾಮರಾನ್ ಮತ್ತು ಪಿಯರ್ಸ್ ತಕರಾರು ತೆಗೆದರು. 1999ರಲ್ಲಿ ಡೆಸಿ ಬಳಗ 128 ಪ್ರಯೋಗಗಳನ್ನು ಒಟ್ಟುಗೂಡಿಸಿ ಉತ್ತರ ಕೊಟ್ಟಿತು. ಬೇಸರದ ಕೆಲಸಕ್ಕೆ ಹಣ ಕೊಟ್ಟರೆ ಉತ್ಸಾಹಕ್ಕೆ ಧಕ್ಕೆಯಿಲ್ಲ ಎಂಬುದೂ ಅಲ್ಲಿ ಕಂಡಿತು. ಇಲ್ಲದ ಉತ್ಸಾಹ ಕುಂದುವುದಾದರೂ ಎಲ್ಲಿಂದ?

ಅರ್ಥಶಾಸ್ತ್ರಜ್ಞರು ಬಂದ ಮೇಲೆ ಕಥೆ ನಮ್ಮ ಹತ್ತಿರಕ್ಕೆ ಬಂತು. ಡಾನ್ ಏರಿಯಲಿ ತಂಡ ಮಧುರೈ ಸುತ್ತಲಿನ ಹಳ್ಳಿಗಳಲ್ಲಿ ಆಟ ಆಡಿಸಿತು. ಪ್ರತಿ ಆಟಕ್ಕೆ ಗರಿಷ್ಠ 4, 40 ಅಥವಾ 400 ರೂಪಾಯಿ ಬಹುಮಾನ. 400ರ ಗುಂಪೇ ಎಲ್ಲರಿಗಿಂತ ಕಳಪೆಯಾಗಿ ಆಡಿತು. ಹಣ ಎಲ್ಲೆಡೆ ಕೆಡಿಸುತ್ತದೆಂದು ಹೊರಡುವವರಿಗೆ ಆಂಧ್ರದ ಗ್ರಾಮೀಣ ಶಾಲೆಗಳ ಉತ್ತರವಿದೆ. ಮಕ್ಕಳ ಕಲಿಕೆ ನೋಡಿ ಶಿಕ್ಷಕರಿಗೆ ಬೋನಸ್ ಕೊಟ್ಟಾಗ ಗಣಿತ, ಭಾಷೆ ಎರಡರಲ್ಲೂ ಅಂಕ ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2011ರಲ್ಲಿ ತೋರಿಸಿದರು. 2014ರ ಇನ್ನೊಂದು ದೊಡ್ಡ ಸಮೀಕ್ಷೆಯ ಪ್ರಕಾರ, ಕೆಲಸದ ಪ್ರಮಾಣಕ್ಕೆ ಬಹುಮಾನದ ಜೊತೆ ನಂಟು ಹೆಚ್ಚು, ಗುಣಮಟ್ಟಕ್ಕೆ ಒಳಗಿನ ಆಸಕ್ತಿಯ ಜೊತೆ.

ಈಚೆಗೆ ಗಮನ ಬಹುಮಾನದಿಂದ ಬುದ್ಧಿಯ ಬೆಳವಣಿಗೆಯತ್ತ ಹೊರಳಿದೆ. ಬುದ್ಧಿಶಕ್ತಿ ಬೆಳೆಯಬಲ್ಲದು ಎಂಬ ನಂಬಿಕೆಯೇ ಕಲಿಕೆಗೆ ಬಲ ಎಂದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಮಾತು ಶಿಕ್ಷಕರ ತರಬೇತಿಗಳಲ್ಲಿ ಮಂತ್ರವಾಗಿಬಿಟ್ಟಿತು. ಮಂತ್ರಕ್ಕೆ ಇರುವ ಶಕ್ತಿ ಎಷ್ಟೆಂದು 2019ರಲ್ಲಿ ಡೇವಿಡ್ ಯೇಗರ್ ತಂಡ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳಲ್ಲಿ ಅಳೆಯಿತು. ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ ಓದಿನಲ್ಲಿ ಹಿಂದುಳಿದ ಮಕ್ಕಳ ಗ್ರೇಡ್ ಸರಾಸರಿ 0.1ರಷ್ಟು ಏರಿತು, ಅದೂ ಕಷ್ಟದ ಲೆಕ್ಕಕ್ಕೆ ಕೈ ಹಾಕುವವರನ್ನು ಸಹಪಾಠಿಗಳು ಗೇಲಿ ಮಾಡದೆ ಬೆಂಬಲಿಸುವ ಶಾಲೆಗಳಲ್ಲೇ ಹೆಚ್ಚು.