ಒಂದು ‘ಮಾತ್ರ’ದ ಜಗಳ

ಮೊನ್ನೆ ರಾಮದುರ್ಗದಿಂದ ಕಾಕಾನ ಮಗಳು ಫೋನ್ ಮಾಡಿದ್ದಳು. ಎರಡನೇ ಪಿಯುಸಿ, ಕ್ಲಾಟ್ ಬರೆದು ಲಾ ಓದಲೇಬೇಕು ಅನ್ನೋ ಹಟ. “ಅಣ್ಣಾ, ನೀ ಕಂಪ್ಯೂಟರ್ ಕೆಲಸದಾಂವ, ಈ ಒಗಟು ಬಿಡಿಸಿಕೊಡು. ಏಳು ಮಂದಿ ಸಾಲಾಗಿ ಕುಂತಾರಂತ, ಯಾರ ಮಗ್ಗಲಕ ಯಾರು ಅಂತ ಕೇಳ್ಯಾರ. ವಕೀಲಕಿಗೂ ಇದಕ್ಕೂ ಏನ ಸಂಬಂಧ?”

ಅವಳ ಕೈಗೆ ಸಿಕ್ಕಿದ್ದು ಅಮೆರಿಕದ ಎಲ್‌ಸ್ಯಾಟ್ ಪರೀಕ್ಷೆಯ ಹಳೇ ಪುಸ್ತಕ. ಅಲ್ಲೂ ಈ ಸಾಲಿನ ಒಗಟುಗಳನ್ನ 2024ರ ಆಗಸ್ಟಿನಿಂದ ಕೈಬಿಟ್ಟಿದ್ದಾರೆ :) ನಮ್ಮ ಕ್ಲಾಟ್ ಶುರುವಾಗಿದ್ದು 2008ರಲ್ಲಿ. ಈಗ ಅದರಲ್ಲಿ ಉದ್ದುದ್ದ ಪ್ಯಾರಾ ಕೊಟ್ಟು, ಒಂದು ನಿಯಮ ಹೇಳಿ, ಒಂದು ಪ್ರಸಂಗಕ್ಕೆ ಅನ್ವಯಿಸು ಅಂತಾರೆ. ಆದರೂ ತಲೆ ಓಡಿಸೋಕೆ ಒಗಟು ಒಳ್ಳೇದೇ. ಅದಕ್ಕೇ ನಮ್ಮೂರುಗಳನ್ನೇ ಹಿಡಿದು ಒಂದು ಕಟ್ಟಿಕೊಟ್ಟೆ.

ನಾಲ್ಕು ದಿನ, ನಾಲ್ಕು ಊರು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೈಲಹೊಂಗಲದ ಮರುದಿನವೇ ಕಿತ್ತೂರು. ರಾಮದುರ್ಗ ಮೊದಲೂ ಅಲ್ಲ, ಕೊನೆಗೂ ಅಲ್ಲ. ಸವದತ್ತಿ ಮೊದಲಲ್ಲ. ಬೈಲಹೊಂಗಲ-ಕಿತ್ತೂರು ಜೋಡಿಯನ್ನ ನಡುವೆ ಇಟ್ಟರೆ ರಾಮದುರ್ಗ ತುದಿಗೆ ಬೀಳತ್ತೆ. ಕೊನೆಗಿಟ್ಟರೆ ಸವದತ್ತಿ ಮೊದಲು ಬರತ್ತೆ. ಹಾಗಾಗಿ ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಸವದತ್ತಿ. ಬೇರೆ ಉತ್ತರವೇ ಇಲ್ಲ.

ಅವಳು ಜಾರಿ ಬೀಳುತ್ತಿದ್ದದ್ದು ಇನ್ನೊಂದು ಕಡೆ. ‘ಒಪ್ಪಿದರೆ ಆಗುತ್ತದೆ’ ಮತ್ತು ‘ಒಪ್ಪಿದರೆ ಮಾತ್ರ ಆಗುತ್ತದೆ’, ಇವೆರಡನ್ನೂ ಒಂದೇ ಅಂದುಕೊಂಡಿದ್ದಳು. ಮೊದಲನೆಯದರಲ್ಲಿ ಒಪ್ಪದಿದ್ದರೆ ಏನಾಗತ್ತೆ ಅಂತ ಹೇಳೇ ಇಲ್ಲ. ಎರಡನೆಯದರಲ್ಲಿ ಒಪ್ಪದಿದ್ದರೆ ಬಾಗಿಲು ಬಂದ್. ವಿವರಿಸುವಾಗ ಥಟ್ಟನೆ ಹೊಳೆಯಿತು, ನಮ್ಮ ಕಿತ್ತೂರಿನ ಕಥೆಯೇ ಈ ‘ಮಾತ್ರ’ದ ಜಗಳ ಅಲ್ಲವೇ!

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅದಕ್ಕೆ ಮೊದಲೇ ಶಿವಲಿಂಗಪ್ಪನನ್ನು ದತ್ತು ತಗೊಂಡಿದ್ದ ಅನ್ನೋದು ಅರಮನೆಯ ಮಾತು. ಮಕ್ಕಳಿಲ್ಲದವನು ದತ್ತು ತಗೋಬಹುದು, ದತ್ತುಮಗ ವಾರಸುದಾರ, ಇದು ಶಾಸ್ತ್ರದ ನಿಯಮ. ಧಾರವಾಡದ ಕಲೆಕ್ಟರ್ ಥ್ಯಾಕರೆ ಪತ್ರವನ್ನೇ ಅನುಮಾನಿಸಿದ, ಸರಕಾರದ ಒಪ್ಪಿಗೆ ಇಲ್ಲದ ದತ್ತಕ ನಡೆಯಲ್ಲ ಅಂದ. ಅಂದರೆ ‘ಒಪ್ಪಿದರೆ ಮಾತ್ರ’. ಖಜಾನೆಗೆ ಬೀಗಮುದ್ರೆ ಬಿತ್ತು. ಅಕ್ಟೋಬರ್ 23ರಂದು ಕೋಟೆ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಇರೋದು ನಮ್ಮೂರಲ್ಲೇ. ಅದೇ ದತ್ತುಮಗನನ್ನು ಗಾದಿಗೇರಿಸಲು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಶಾಲೆಯಲ್ಲಿ ಅವನ ಹೆಸರಲ್ಲೇ ಓದಿದ ನೀತಿ ನಮ್ಮ ಕಡೆ 24 ವರ್ಷ ಮೊದಲೇ ನಡೆದುಹೋಗಿತ್ತು! ನರಗುಂದದ ಬಾಬಾಸಾಹೇಬನಿಗೂ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ. 1858ರಲ್ಲಿ ಅವನು ಬಂಡೆದ್ದ. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದದ್ದು ಸುರೇಬಾನದಲ್ಲಿ, ರಾಮದುರ್ಗದ ಪಕ್ಕದಲ್ಲೇ.

ಎಲ್ಲ ಕೇಳಿ ತಂಗಿ ಅಂದಳು, “ಹಂಗಾರ ಪರೀಕ್ಷಾದಾಗ ಯಾರ ಉತ್ತರಕ್ಕ ಮಾರ್ಕ್ಸ್, ಅಣ್ಣಾ?”

ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಪರೀಕ್ಷೆಯಲ್ಲಿ ಕೊಟ್ಟ ನಿಯಮವನ್ನ ಪ್ರಶ್ನಿಸೋ ಹಾಗಿಲ್ಲ. ಥ್ಯಾಕರೆಯ ನಿಯಮ ಕೊಟ್ಟರೆ ಥ್ಯಾಕರೆಯ ಉತ್ತರವೇ ಸರಿ. ಆದರೆ ಕಿತ್ತೂರಿನಲ್ಲಿ ನಿಯಮ ಹೇಳಿದವನೇ ತೀರ್ಪು ಕೊಟ್ಟ, ಬೀಗವನ್ನೂ ಅವನೇ ಹಾಕಿದ. ಆ ‘ಮಾತ್ರ’ವನ್ನ ಅಲ್ಲಿ ಸೇರಿಸಿದವರು ಯಾರು ಅಂತ ಕೇಳಿದ್ದೇ ಚೆನ್ನಮ್ಮನ ತಪ್ಪಾಯಿತು.

“ಮಾರ್ಕ್ಸ್ ಬೇಕಂದ್ರ ನಿಯಮ ನೋಡಿ ಬರಿ. ಪಾಸಾಗಿ ವಕೀಲಳಾದ ಮ್ಯಾಲೆ ನಿಯಮನ ಯಾರು ಬರದ್ರು ಅಂತ ಕೇಳು” ಅಂದೆ.

ನಿಮ್ಮೂರಲ್ಲೂ ಇಂಥ ‘ಮಾತ್ರ’ದ ಜಗಳ ನಡೆದಿದ್ದರೆ ಬರೀರಿ, ಓದೋಣ.